ಕೆಂಚಿಗೆ ಎಷ್ಟು ಹಾಕಬೇಕು?

ಸಂಜೆ ಪಾರ್ಕಿನಲ್ಲಿ ಯಾರಾದರೊಬ್ಬರು ಈ ಮಾತು ಕೇಳಿಯೇ ಕೇಳುತ್ತಾರೆ. "ಯಾಕಮ್ಮ, ಇದಕ್ಕೆ ಊಟ ಹಾಕಲ್ವಾ? ಎಷ್ಟು ಸೊರಗಿದೆ ನೋಡು." ಕೇಳುವವರಲ್ಲಿ ಕೆಟ್ಟ ಮನಸ್ಸಿನವರು ಯಾರೂ ಇಲ್ಲ. ಕೆಲವರು ಹಾಗನ್ನುತ್ತಲೇ ಜೇಬಿನಿಂದ ಬಿಸ್ಕೆಟ್ ತೆಗೆಯುತ್ತಾರೆ. ಕೆಂಚಿ ಮೈಸೂರಿನ ನಮ್ಮ ಬೀದಿಯಲ್ಲೇ ಹುಟ್ಟಿದ ನಾಯಿ. ಮೋರಿ ಪಕ್ಕ ಸಿಕ್ಕ ಮರಿ, ಈಗ ಆರು ವರ್ಷದ ಹೆಣ್ಣು. ಮರಿ ಹಾಕದ ಹಾಗೆ ಆಪರೇಷನ್ ಆಗಿದೆ. ತೂಕ 16 ಕೆಜಿ. ಓಡುತ್ತಾ ಮೈ ತಿರುಗಿಸಿದಾಗ ಕೊನೆಯ ಪಕ್ಕೆಲುಬುಗಳು ಒಂದು ಕ್ಷಣ ಕಾಣುತ್ತವೆ. ನಿಂತಾಗ ಕಾಣುವುದಿಲ್ಲ. ಕೂದಲು ಹೊಳೆಯುತ್ತದೆ, ಮೆಟ್ಟಿಲನ್ನು ಒಂದೇ ನೆಗೆತಕ್ಕೆ ಹತ್ತುತ್ತಾಳೆ. ಲಸಿಕೆಗೆ ಹೋದಾಗಲೆಲ್ಲ ಡಾಕ್ಟರು ಬೆನ್ನು ಸವರಿ "ಹೀಗೇ ಇರಲಿ" ಅನ್ನುತ್ತಾರೆ.

ಅದೇ ಪಾರ್ಕಿನಲ್ಲಿ ಬೆನ್ನು ಮಣೆಯ ಹಾಗೆ ಅಗಲವಾದ ಲ್ಯಾಬ್ರಡಾರುಗಳಿವೆ. ಅರ್ಧ ಸುತ್ತಿಗೇ ಏದುಸಿರು ಬಿಟ್ಟು ಕೂತುಬಿಡುವ ಪಗ್‌ಗಳಿವೆ. ಅವುಗಳನ್ನು ಕಂಡ ಜನ "ಎಷ್ಟು ಚೆನ್ನಾಗಿ ಸಾಕಿದ್ದೀರಿ" ಅನ್ನುತ್ತಾರೆ. ಇದು ನನ್ನನ್ನು ಬಹಳ ದಿನದಿಂದ ಕಾಡುತ್ತಿದೆ. ಯಾವ ಊಟ, ಎಷ್ಟು ಊಟ ಅನ್ನುವ ಪ್ರಶ್ನೆ ಆಮೇಲಿನದು. ಸರಿಯಾದ ಮೈಕಟ್ಟಿನ ನಾಯಿ ಹೇಗಿರುತ್ತದೆ ಅನ್ನುವುದೇ ನಮಗೆ ಮರೆತುಹೋಗಿದೆಯಾ? ನನಗೆ ಹೌದು ಅನ್ನಿಸುತ್ತದೆ. ದಪ್ಪಗಿದ್ದರೆ ಚೆನ್ನಾಗಿದೆ ಅಂತ ಕಣ್ಣು ಒಪ್ಪಿಕೊಂಡುಬಿಟ್ಟಿದೆ. ಅಳೆದು ಹಾಕಿದರೆ ಜಿಪುಣತನ ಅಂತ ಮನಸ್ಸೂ ಒಪ್ಪಿಕೊಂಡಿದೆ. ನಮ್ಮ ಮನೆಗಳಲ್ಲಿ ಬಡಿಸುವ ಕೈ ಅಳೆಯುವುದಿಲ್ಲ. "ಇನ್ನೊಂದು ಸ್ವಲ್ಪ ಹಾಕ್ಕೊಳ್ಳಿ" ಅನ್ನದೆ ಊಟ ಮುಗಿಯುವುದಿಲ್ಲ. ಅದೇ ಕೈ ನಾಯಿಗೂ ಬಡಿಸುತ್ತದೆ. ಆದರೆ ನಾಯಿ ಎಲೆಗೆ ಕೈ ಅಡ್ಡ ಹಿಡಿದು "ಸಾಕು" ಅನ್ನಲಾರದು, ಅಲ್ವಾ?

ಮುಟ್ಟಿ ನೋಡಬೇಕು

ಬಾಗಲಕೋಟೆ ಕಡೆಯವರಿಗೆ ಈ ಮಾತು ಬಿಡಿಸಿ ಹೇಳಬೇಕಾಗಿಲ್ಲ. ಮುಧೋಳದ ನಾಯಿಯನ್ನು ನೋಡಿ. ಎದೆ ಆಳ, ಹೊಟ್ಟೆ ಒಳಕ್ಕೆ ಸೇರಿದೆ, ಸೊಂಟ ಸಪೂರ. ಸೊಂಟದ ಮೂಳೆ, ಕೊನೆಯ ಪಕ್ಕೆಲುಬುಗಳು ಕಾಣುವುದೇ ಅದರ ಸಹಜ ರೂಪ. ಓಡಲಿಕ್ಕೆಂದೇ ಬೆಳೆಸಿದ ತಳಿ ಅದು. ಮುಧೋಳದ ಹತ್ತಿರದ ತಿಮ್ಮಾಪುರದಲ್ಲಿ ಬೀದರಿನ ಪಶುವೈದ್ಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರವೇ ಇದೆ. ಅಂಥ ಮುಧೋಳ ನಾಯಿಯನ್ನು ಬೆಂಗಳೂರಿನ ಅಪಾರ್ಟ್‌ಮೆಂಟಿಗೆ ತಂದವರಿಗೆ ಅಕ್ಕಪಕ್ಕದವರು ಮೊದಲು ಕೇಳುವುದು "ಇದಕ್ಕೆ ಹುಷಾರಿಲ್ವಾ?" ಅಂತ. ಆ ಪ್ರಶ್ನೆಗೆ ಹೆದರಿ ತುಪ್ಪ, ಮೊಟ್ಟೆ, ಹಾಲು ಸುರಿದು ಮುಧೋಳವನ್ನು ಲ್ಯಾಬ್ರಡಾರ್ ಮಾಡಲು ಹೊರಟವರೂ ಇದ್ದಾರೆ. ನನಗೆ ಅದನ್ನು ನೋಡಿದರೆ ನಿಜವಾಗಿಯೂ ಸಂಕಟವಾಗುತ್ತದೆ.

ಎಲ್ಲ ನಾಯಿಯೂ ಮುಧೋಳದಷ್ಟು ಸಪೂರ ಇರಬೇಕಿಲ್ಲ. ಅದಕ್ಕೇ ಪಶುವೈದ್ಯರು 1ರಿಂದ 9ರವರೆಗಿನ ಒಂದು ಮಟ್ಟ ಇಟ್ಟುಕೊಂಡಿದ್ದಾರೆ. 1 ಅಂದರೆ ಎಲುಬಿನ ಗೂಡು, 9 ಅಂದರೆ ಬೊಜ್ಜಿನ ಮುದ್ದೆ, 4 ಅಥವಾ 5 ಸರಿ. ಇದನ್ನು ನೋಡಲು ಯಂತ್ರ ಬೇಡ, ಕೈ ಸಾಕು. ನನಗೆ ಡಾಕ್ಟರು ಹೇಳಿಕೊಟ್ಟ ರೀತಿ ಇದು. ಒಂದು ಕೈಯನ್ನು ಮುಷ್ಟಿ ಮಾಡಿ, ಇನ್ನೊಂದು ಕೈಯ ಬೆರಳನ್ನು ಗೆಣ್ಣುಗಳ ಮೇಲೆ ಆಡಿಸಿ. ನಾಯಿಯ ಪಕ್ಕೆ ಹೀಗೆ ಚುಚ್ಚುವಂತೆ ಸಿಕ್ಕರೆ ಅದು ತೀರಾ ಸಣ್ಣಗಾಗಿದೆ. ಈಗ ಕೈ ಬಿಚ್ಚಿ, ಅಂಗೈಯನ್ನು ಮೇಲೆ ಮಾಡಿ, ಬೆರಳುಗಳ ಬುಡವನ್ನು ಒತ್ತಿ ನೋಡಿ. ಪಕ್ಕೆಯನ್ನು ಹೀಗೆ ಹುಡುಕಬೇಕಾದರೆ ಕೊಬ್ಬು ಜಾಸ್ತಿ ಆಗಿದೆ. ಅಂಗೈ ಕೆಳಗೆ ಮಾಡಿ, ಹಿಂಗೈಯನ್ನು ಸವರಿ. ತೆಳ್ಳನೆ ಚರ್ಮದ ಕೆಳಗೆ ಮೂಳೆ ಸಲೀಸಾಗಿ ಸಿಗುತ್ತದೆ. ಪಕ್ಕೆ ಹೀಗೆ ಸಿಕ್ಕರೆ ಸರಿ. ಜೊತೆಗೆ ಮೇಲಿನಿಂದ ನೋಡಿದರೆ ಸೊಂಟ ಕಾಣಬೇಕು, ಪಕ್ಕದಿಂದ ನೋಡಿದರೆ ಹೊಟ್ಟೆ ಹಿಂದಕ್ಕೆ ಏರಿರಬೇಕು. ಉದ್ದ ಕೂದಲಿನ ನಾಯಿಗಳಲ್ಲಿ ಕಣ್ಣು ಮೋಸ ಹೋಗುತ್ತದೆ, ಕೈ ಹೋಗುವುದಿಲ್ಲ. ಪಾಮರೇನಿಯನ್ ಸಾಕಿದವರು ಸ್ನಾನ ಮಾಡಿಸುವಾಗ ಒದ್ದೆ ಮೈ ನೋಡಿದರೆ ನಿಜ ತಿಳಿಯುತ್ತದೆ.

ಊಟದ ವಿಚಾರದಲ್ಲಿ ನಾನು ಹೇಳಬೇಕೆಂದಿರುವುದೆಲ್ಲ ಹೆಚ್ಚುಕಡಿಮೆ ಇಲ್ಲಿಂದಲೇ ಹೊರಡುತ್ತದೆ. ಪ್ಯಾಕೆಟ್ಟಿನ ಹಿಂದೆ ಬರೆದ ಅಂಕಿಗಿಂತ, ಇಂಟರ್‌ನೆಟ್ಟಿನ ಪಟ್ಟಿಗಿಂತ ಆ ಪಕ್ಕೆಯ ಮೇಲಿನ ಕೈ ದೊಡ್ಡದು.

ಮೇಷ್ಟ್ರ ಮನೆಯ ಬ್ರೂನೋ

ನಮ್ಮ ಹಿಂದಿನ ಬೀದಿಯಲ್ಲಿ ನಿವೃತ್ತ ಮೇಷ್ಟ್ರೊಬ್ಬರಿದ್ದಾರೆ. ಅವರ ಮನೆಯ ಲ್ಯಾಬ್ರಡಾರ್ ಬ್ರೂನೋ. ಒಂದು ದಿನ ಪಶುಚಿಕಿತ್ಸಾಲಯದಲ್ಲಿ ನಾನು ಕೆಂಚಿಯನ್ನು ಹಿಡಿದುಕೊಂಡು ಕಾಯುತ್ತಿದ್ದೆ. ಬ್ರೂನೋನನ್ನು ತೂಕದ ಯಂತ್ರದ ಮೇಲೆ ಹತ್ತಿಸಲು ಇಬ್ಬರು ಬೇಕಾಯಿತು. 40 ಕೆಜಿ ತೋರಿಸಿತು. ಹಿಂಗಾಲು ಎಳೆಯುತ್ತಿದ್ದಾನೆ ಅಂತ ಕರೆದುಕೊಂಡು ಬಂದಿದ್ದರು. ಡಾಕ್ಟರು ಸೊಂಟದ ಕೀಲು ಅದುಮಿ ನೋಡಿದರು. ಆಮೇಲೆ "ಮೇಷ್ಟ್ರೇ, ಊಟ ಏನು ಕೊಡ್ತೀರಿ?" ಅಂದರು.

"ಎರಡು ಹೊತ್ತು ಒಂದೊಂದು ಲೋಟ ಡ್ರೈ ಫುಡ್, ಅಷ್ಟೇ."

"ಅದು ಬಿಟ್ಟು?"

ಆಗ ನಿಧಾನವಾಗಿ ಬಂತು. ಬೆಳಿಗ್ಗೆ ಕಾಫಿ ಕುಡಿಯುವಾಗ ಮೇಷ್ಟ್ರು ಕೊಡುವ ಗ್ಲೂಕೋಸ್ ಬಿಸ್ಕೆಟ್. ಸಂಜೆ ಕಾಫಿಗೂ ಅದೇ. ಮಧ್ಯಾಹ್ನ ಅವರ ಮನೆಯವರು ಕಲಸಿ ಹಾಕುವ ಮೊಸರನ್ನ. ರಾತ್ರಿ ಸೊಸೆ ಚಪಾತಿ ಲಟ್ಟಿಸುವಾಗ ಒಂದೊಂದೇ ಚಪಾತಿ. ಮಲಗುವಾಗ ಒಂದು ಲೋಟ ಹಾಲು. ಯಾರೂ ಸುಳ್ಳು ಹೇಳುತ್ತಿರಲಿಲ್ಲ. ಯಾರೂ ಜಾಸ್ತಿ ಹಾಕುತ್ತಲೂ ಇರಲಿಲ್ಲ. ಪ್ರತಿಯೊಬ್ಬರೂ ಸ್ವಲ್ಪವೇ ಹಾಕುತ್ತಿದ್ದರು. ಒಟ್ಟು ಎಷ್ಟಾಯಿತು ಅಂತ ನೋಡುವವರು ಮಾತ್ರ ಮನೆಯಲ್ಲಿ ಇರಲಿಲ್ಲ. ಡಾಕ್ಟರು ಚೀಟಿಯ ಹಿಂದೆ ಕೂಡಿದರು. ಡ್ರೈ ಫುಡ್ಡಿನಲ್ಲಿ ಸುಮಾರು 900 ಕ್ಯಾಲೊರಿ. ಚಪಾತಿ, ಬಿಸ್ಕೆಟ್, ಹಾಲು, ಮೊಸರನ್ನ ಸೇರಿ ಇನ್ನೊಂದು 900. ಊಟ ಅಂತ ಮೇಷ್ಟ್ರು ಲೆಕ್ಕ ಹಿಡಿದದ್ದು ಅರ್ಧ ಮಾತ್ರ.

ಹೊರಗೆ ಬಂದು ಬೆಂಚಿನ ಮೇಲೆ ಕೂತಾಗ ಮೇಷ್ಟ್ರ ಮುಖ ಸಣ್ಣಗಾಗಿತ್ತು. "ನೋಡಮ್ಮ, ನಮ್ಮ ತಾಯಿ ಮನೆ ಬಾಗಿಲಿಗೆ ಬಂದವರಿಗೆ ಇಲ್ಲ ಅಂದವರಲ್ಲ. ಇದು ಹೀಗೆ ಕಣ್ಣಲ್ಲಿ ಕಣ್ಣಿಟ್ಟು ಕೂತ್ರೆ ನಾನು ಹೇಗೆ ಇಲ್ಲ ಅನ್ಲಿ? ಅದಕ್ಕೆ ಹಸಿವಾಗಿರುತ್ತೆ ಕಣಮ್ಮ." ಈ ಮಾತನ್ನು ನಾನು ಸುಮ್ನೆ ತಳ್ಳಿಹಾಕಲಾರೆ. ಯಾಕೆಂದರೆ ಬ್ರೂನೋಗೆ ನಿಜವಾಗಿಯೂ ಹಸಿವಾಗಿರಬಹುದು. 2016ರಲ್ಲಿ ಕೇಂಬ್ರಿಡ್ಜ್ ವಿಶ್ವವಿದ್ಯಾಲಯದ ಸಂಶೋಧಕರು ಲ್ಯಾಬ್ರಡಾರುಗಳ ಪಿಒಎಂಸಿ ಎಂಬ ಜೀನಿನಲ್ಲಿ ಒಂದು ತುಂಡು ಬಿಟ್ಟುಹೋಗಿರುವುದನ್ನು ಪತ್ತೆ ಮಾಡಿದರು. ಹೆಚ್ಚುಕಡಿಮೆ ನಾಲ್ಕರಲ್ಲಿ ಒಂದು ಲ್ಯಾಬ್ರಡಾರಿಗೆ ಈ ಕೊರತೆ ಇದೆ. ಹೊಟ್ಟೆ ತುಂಬಿತು ಅಂತ ಮಿದುಳಿಗೆ ಹೇಳುವ ಸಂದೇಶ ಅವುಗಳಲ್ಲಿ ಸರಿಯಾಗಿ ತಲುಪುವುದಿಲ್ಲ. ಅಂದರೆ ಆ ಕಣ್ಣು ನಾಟಕ ಆಡುತ್ತಿಲ್ಲ. ಆದರೆ ಆ ಹಸಿವಿಗೂ ಮೈಗೆ ಬೇಕಾದ ಊಟಕ್ಕೂ ಸಂಬಂಧ ಕಡಿದುಹೋಗಿದೆ. ಇದನ್ನು ಹೇಳಿದಾಗ ಮೇಷ್ಟ್ರಿಗೆ ಸ್ವಲ್ಪ ಸಮಾಧಾನವಾಯಿತು. ಹಸಿವು ನಿಜ, ಅದಕ್ಕೆ ಚಪಾತಿ ಉತ್ತರ ಅಲ್ಲ ಅಂತ ಅವರೇ ಅಂದರು.

ನಾನು ಇನ್ನೊಂದು ಸಂಗತಿಯನ್ನೂ ಅವರಿಗೆ ಹೇಳಿದೆ. ನಾಯಿ ಊಟ ಮಾರುವ ಪ್ಯೂರಿನಾ ಕಂಪನಿಯೇ ನಡೆಸಿದ ಅಧ್ಯಯನ ಅದು, 2002ರಲ್ಲಿ ಪ್ರಕಟವಾಯಿತು. ಒಂದೇ ಸೂಲಿನ ಲ್ಯಾಬ್ರಡಾರ್ ಮರಿಗಳನ್ನು ಜೋಡಿ ಜೋಡಿ ಮಾಡಿ, ಒಟ್ಟು 48 ನಾಯಿಗಳನ್ನು ಸಾಯುವವರೆಗೂ ಸಾಕಿದರು. ಜೋಡಿಯಲ್ಲಿ ಒಂದಕ್ಕೆ ಇನ್ನೊಂದಕ್ಕಿಂತ 25% ಕಡಿಮೆ ಊಟ. ಕಡಿಮೆ ತಿಂದವು ಸುಮಾರು 1.8 ವರ್ಷ ಹೆಚ್ಚು ಬದುಕಿದವು, ಕೀಲು ನೋವೂ ತಡವಾಗಿ ಬಂತು. ಹನ್ನೊಂದು ವರ್ಷದ ಆಯಸ್ಸಿಗೆ ಇನ್ನೂ ಎರಡು ವರ್ಷ ಸೇರುವುದು ಅಂದರೆ ಸಣ್ಣ ಮಾತಾ? ಮೇಷ್ಟ್ರು ಬ್ರೂನೋನ ತಲೆ ಸವರುತ್ತಾ ಬಹಳ ಹೊತ್ತು ಮಾತಾಡಲಿಲ್ಲ.

ದಾರಿ ಹುಡುಕಿದ್ದು ಅವರ ಸೊಸೆ. ಬೆಳಿಗ್ಗೆ ಎದ್ದ ತಕ್ಷಣ ಆ ದಿನದ ಪೂರ್ತಿ ಡ್ರೈ ಫುಡ್ಡನ್ನು ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ ಒಂದು ಸ್ಟೀಲ್ ಡಬ್ಬಕ್ಕೆ ಹಾಕುತ್ತಾರೆ. ಯಾರು ಏನು ಕೊಡಬೇಕಾದರೂ ಆ ಡಬ್ಬದಿಂದಲೇ ತೆಗೆಯಬೇಕು. ಡಬ್ಬ ಖಾಲಿಯಾದರೆ ಆ ದಿನ ಮುಗಿಯಿತು. ಮೇಷ್ಟ್ರು ಕಾಫಿ ಹೊತ್ತಿಗೆ ಬಿಸ್ಕೆಟ್ ಬದಲು ಡಬ್ಬದ ಕಾಳನ್ನೇ ಒಂದೊಂದಾಗಿ ಕೊಡುತ್ತಾರೆ. ಬ್ರೂನೋಗೆ ಬೇಕಾಗಿದ್ದು ಮೇಷ್ಟ್ರ ಕೈಯಿಂದ ಸಿಗುವ ತುತ್ತು. ಬಿಸ್ಕೆಟ್ ಹೋಗಿದ್ದನ್ನು ಅವನು ಮನಸ್ಸಿಗೇ ಹಚ್ಚಿಕೊಳ್ಳಲಿಲ್ಲ. ತಟ್ಟೆ ತುಂಬಿದಂತೆ ಕಾಣಲು ಬೇಯಿಸಿದ ಹುರುಳಿಕಾಯಿ, ಸಿಹಿಗುಂಬಳ, ಹಸಿ ಸೌತೆಕಾಯಿ ಸೇರಿಸಿದರು. ಡಾಕ್ಟರು ಒಂದು ಎಚ್ಚರಿಕೆ ಕೊಟ್ಟಿದ್ದರು. ಮಾಮೂಲಿ ಡ್ರೈ ಫುಡ್ಡನ್ನೇ ಅರ್ಧ ಮಾಡಿಬಿಟ್ಟರೆ ಕ್ಯಾಲೊರಿ ಜೊತೆ ವಿಟಮಿನ್, ಪ್ರೋಟೀನೂ ಅರ್ಧ ಆಗುತ್ತದೆ. ತೂಕ ಇಳಿಸಲೆಂದೇ ಮಾಡಿದ ಆಹಾರ ಬೇರೆ ಇದೆ, ಅದನ್ನೇ ತರಿಸಿದರು. ವಾರಕ್ಕೆ ಮೈತೂಕದ 1ರಿಂದ 2% ಇಳಿದರೆ ಸಾಕು, ಅದಕ್ಕಿಂತ ಅವಸರ ಬೇಡ ಅಂದಿದ್ದರು. ಬ್ರೂನೋ ಈಗ 34 ಕೆಜಿಗೆ ಬಂದಿದ್ದಾನೆ. ಮಹಡಿಯ ಮೆಟ್ಟಿಲು ಮತ್ತೆ ಹತ್ತುತ್ತಿದ್ದಾನೆ.

ಒಂದು ಲೆಕ್ಕ

ಎಷ್ಟು ಹಾಕಬೇಕು ಅನ್ನುವುದಕ್ಕೆ ಪಶುವೈದ್ಯರು ಬಳಸುವ ಸೂತ್ರ ಮನೆಯಲ್ಲೂ ಮಾಡಬಹುದಾದದ್ದು. ನಾಯಿಯ ತೂಕವನ್ನು ಅದರಿಂದಲೇ ಗುಣಿಸಿ, ಮತ್ತೊಮ್ಮೆ ಗುಣಿಸಿ. ಬಂದದ್ದಕ್ಕೆ ಮೊಬೈಲಿನ ಕ್ಯಾಲ್ಕುಲೇಟರಿನಲ್ಲಿ ಎರಡು ಸಲ ವರ್ಗಮೂಲ ಒತ್ತಿ. ಅದನ್ನು 70ರಿಂದ ಗುಣಿಸಿ. ಕೆಂಚಿಯ 16ಕ್ಕೆ ಮಾಡಿದರೆ 4,096, ಅದರ ವರ್ಗಮೂಲ 64, ಮತ್ತೆ 8. ಅದಕ್ಕೆ 70ರ ಗುಣಾಕಾರ ಮಾಡಿದರೆ 560 ಕ್ಯಾಲೊರಿ. ಇದು ಸುಮ್ಮನೆ ಮಲಗಿದ್ದರೂ ಮೈಗೆ ಬೇಕಾದಷ್ಟು. ಆಪರೇಷನ್ ಆದ, ಮಾಮೂಲಿ ಓಡಾಟದ ನಾಯಿಗೆ ಇದರ 1.6 ಪಟ್ಟು. ಆಪರೇಷನ್ ಆಗದಿದ್ದರೆ 1.8. ನಾಲ್ಕು ತಿಂಗಳೊಳಗಿನ ಮರಿಗೆ ಮೂರು ಪಟ್ಟು, ಆಮೇಲೆ ಬೆಳೆದು ನಿಲ್ಲುವವರೆಗೆ ಎರಡು ಪಟ್ಟು. ತೂಕ ಇಳಿಸಬೇಕಾದರೆ, ಇರಬೇಕಾದ ತೂಕಕ್ಕೆ ಲೆಕ್ಕ ಹಾಕಿ ಬಂದಷ್ಟನ್ನೇ ಕೊಡುವುದು.

ಕೆಂಚಿಗೆ ಹೀಗೆ ಸುಮಾರು 900 ಕ್ಯಾಲೊರಿ ಬರುತ್ತದೆ. 30 ಕೆಜಿ ಇರಬೇಕಾದ ಬ್ರೂನೋಗೆ ತೂಕ ಇಳಿಸಲು ಬೇಕಾದದ್ದೂ ಸುಮಾರು 900. ಅವಳ ಎರಡರಷ್ಟು ದೊಡ್ಡ ನಾಯಿ ಅವಳಷ್ಟೇ ತಿನ್ನಬೇಕು ಅಂತ ಕೇಳಿ ಮೇಷ್ಟ್ರ ಮನೆಯವರು ಗಾಬರಿಯಾಗಿದ್ದರು. ಮೈ ದೊಡ್ಡದಾದ ಹಾಗೆ ಊಟ ಅದೇ ಪ್ರಮಾಣದಲ್ಲಿ ಏರುವುದಿಲ್ಲ, ಮೇಲಾಗಿ ತೂಕ ಇಳಿಸುವವನಿಗೆ ಆ 1.6 ಪಟ್ಟೂ ಇಲ್ಲ. ಆಪರೇಷನ್ ಆದಮೇಲೆ ನಾಯಿ ದಪ್ಪಗಾಗುವುದೂ ಇದೇ ಲೆಕ್ಕದಿಂದ. ಬೇಕಾದ ಶಕ್ತಿ 20ರಿಂದ 30% ಇಳಿಯುತ್ತದೆ, ತಟ್ಟೆ ಮಾತ್ರ ಹಾಗೇ ಇರುತ್ತದೆ.

ಈ ಅಂಕಿ ಬರೀ ಶುರು ಮಾಡಲಿಕ್ಕೆ. ಎರಡು ಮೂರು ವಾರ ಹಾಕಿ, ಪಕ್ಕೆ ಮುಟ್ಟಿ ನೋಡಿ, ಮೇಲೆ ಕೆಳಗೆ ಮಾಡಿಕೊಳ್ಳಬೇಕು. ಒಂದೇ ತೂಕದ ಎರಡು ನಾಯಿಗೆ ಬೇಕಾದದ್ದರಲ್ಲಿ ಬಹಳ ವ್ಯತ್ಯಾಸ ಇರುತ್ತದೆ.

900 ಕ್ಯಾಲೊರಿ ತಟ್ಟೆಯಲ್ಲಿ ಹೇಗೆ ಕಾಣುತ್ತದೆ? ಕೆಂಚಿಯ ದಿನ ಹೀಗಿದೆ: 250 ಗ್ರಾಂ ಅನ್ನ, ಬೇಯಿಸಿದ ಎಲುಬಿಲ್ಲದ ಕೋಳಿ 150 ಗ್ರಾಂ, ಒಂದು ಬೆಂದ ಮೊಟ್ಟೆ, 100 ಗ್ರಾಂ ಮೊಸರು, ಒಂದು ಹಿಡಿ ಸಿಹಿಗುಂಬಳ ಅಥವಾ ಹುರುಳಿಕಾಯಿ, ಒಂದು ಚಮಚ ಎಣ್ಣೆ. ಇದಿಷ್ಟು ಹೆಚ್ಚುಕಡಿಮೆ 800. ಎರಡು ಹೊತ್ತಿಗೆ ಹಂಚುತ್ತೇನೆ. ತಿಂಡಿ ತುಣುಕು ಏನಿದ್ದರೂ ದಿನದ ಹತ್ತನೇ ಒಂದು ಭಾಗ ಮೀರಬಾರದು ಅನ್ನುವುದು ವೈದ್ಯರೆಲ್ಲ ಹೇಳುವ ಮಾತು. ಅಂದರೆ ಅವಳಿಗೆ 90 ಕ್ಯಾಲೊರಿ. ಒಂದು ಗ್ಲೂಕೋಸ್ ಬಿಸ್ಕೆಟ್ಟಿನಲ್ಲಿ 20ರ ಮೇಲಿದೆ. ಪಾರ್ಕಿನಲ್ಲಿ ನಾಲ್ಕು ಜನ ಒಂದೊಂದು ಕೊಟ್ಟರೆ ಆ ದಿನದ ತಿಂಡಿ ಮುಗಿಯಿತು. ಅದಕ್ಕೇ ನಾನು ಪಾರ್ಕಿನವರಿಗೆ ನನ್ನ ಬಳಿಯ ಒಂದು ಚೂರು ಕೋಳಿ ಅಥವಾ ಕ್ಯಾರೆಟ್ ಕೊಟ್ಟು "ಇದನ್ನು ಕೊಡಿ ಅಂಕಲ್" ಅನ್ನುತ್ತೇನೆ. ಕೊಡುವ ಸಂತೋಷ ಅವರಿಗೂ ಉಳಿಯುತ್ತದೆ.

ಮುದ್ದೆ ತಿಂದು ಬದುಕಲಿಲ್ವಾ?

ಅಪ್ಪನಿಗೆ ಈ ತಕ್ಕಡಿ, ಕ್ಯಾಲೊರಿ ಒಂದೂ ಹಿಡಿಸುವುದಿಲ್ಲ. ಊರಿಗೆ ಹೋದಾಗಲೆಲ್ಲ ಇದೇ ಮಾತು. "ನಮ್ಮ ಕರಿಯ ಮುದ್ದೆ ತಿಂದು ಬದುಕಲಿಲ್ವಾ? ಅವನಿಗೆ ಯಾರು ತೂಕ ಹಾಕಿ ಹಾಕಿದ್ರು?" ನಮ್ಮೂರು ನಾಗಮಂಗಲದ ಕಡೆ. ಕರಿಯ ನಾನು ಚಿಕ್ಕವಳಿದ್ದಾಗ ಇದ್ದ ನಾಯಿ. ಎಲ್ಲರ ಊಟ ಆದಮೇಲೆ ಅಜ್ಜಿ ಮುದ್ದೆ ಪಾತ್ರೆಯ ತಳ ಕೆರೆದು, ಉಳಿದ ಹಿಟ್ಟನ್ನು ಮಜ್ಜಿಗೆಯಲ್ಲಿ ಕಿವುಚಿ, ಹಿತ್ತಿಲ ಬಾಗಿಲ ಹೊರಗಿನ ಕಲ್ಲುಬಾನಿಗೆ ಸುರಿಯುತ್ತಿದ್ದಳು. ಅಜ್ಜಿಯ ಬಳೆ ಸದ್ದು ಕೇಳಿದರೆ ಸಾಕು, ಕರಿಯ ಎಲ್ಲಿದ್ದರೂ ಬಂದು ನಿಲ್ಲುತ್ತಿದ್ದ. ಅವನು ಗಟ್ಟಿಮುಟ್ಟಾಗಿದ್ದ. ಅಪ್ಪ ಹೇಳುವುದು ಸುಳ್ಳಲ್ಲ.

ಆ ಮಾತಿಗೆ ವಿಜ್ಞಾನದ ಬೆಂಬಲವೂ ಇದೆ. ನಾಯಿ ತೋಳದ ವಂಶ, ಅದಕ್ಕೆ ಮಾಂಸ ಮಾತ್ರ ಹಾಕಬೇಕು ಅನ್ನುವವರು ಈಗ ಜಾಸ್ತಿಯಾಗಿದ್ದಾರೆ. ಆದರೆ 2013ರಲ್ಲಿ ಸ್ವೀಡನ್ನಿನ ಸಂಶೋಧಕರು ಪಿಷ್ಟ ಅರಗಿಸುವ ಅಮೈಲೇಸ್ ಜೀನನ್ನು ಎಣಿಸಿ ನೋಡಿದರು. ತೋಳದಲ್ಲಿ ಅದರ ಎರಡು ಪ್ರತಿಗಳಿದ್ದರೆ ನಾಯಿಯಲ್ಲಿ 4ರಿಂದ 30. ಸಾವಿರಾರು ವರ್ಷ ಬೇಸಾಯದ ಮನೆಗಳ ಬಾಗಿಲಲ್ಲಿ ಬದುಕಿದ್ದಕ್ಕೆ ಅದರ ಹೊಟ್ಟೆಯೇ ಬದಲಾಗಿದೆ. ರಾಗಿ, ಅನ್ನ, ಜೋಳ ಚೆನ್ನಾಗಿ ಬೆಂದಿದ್ದರೆ ನಾಯಿಗೆ ಅರಗುತ್ತದೆ.

ಆದರೆ ಕರಿಯ ಮುದ್ದೆ ಒಂದನ್ನೇ ತಿಂದು ಬದುಕಿದನಾ? ನೆನಪು ಮಾಡಿಕೊಂಡರೆ ಬೇರೆ ಚಿತ್ರ ಬರುತ್ತದೆ. ಬೆಳಿಗ್ಗೆ ತಾತನ ಹಿಂದೆ ಗದ್ದೆಗೆ ಹೋದರೆ ಮಧ್ಯಾಹ್ನ ಕೆಸರಾಗಿ ಬರುತ್ತಿದ್ದ. ಬದುವಿನ ಬಿಲ ಕೆದರಿ ಇಲಿ ಹಿಡಿಯುತ್ತಿದ್ದ. ಮಳೆಗಾಲದಲ್ಲಿ ಏಡಿ. ಹಸು ಕರು ಹಾಕಿದ ದಿನ, ಮಾಸನ್ನು ಆಲದ ಮರಕ್ಕೆ ಕಟ್ಟಲು ತಾತ ಹೊರಟರೆ ಅವರ ಕಾಲ ಸುತ್ತಲೇ ಇರುತ್ತಿದ್ದ. ಊರಲ್ಲಿ ಯಾರ ಮನೆಯಲ್ಲಿ ಬಾಡೂಟ ಆದರೂ ಅವನಿಗೆ ತಿಳಿಯುತ್ತಿತ್ತು. ಮನೆಯವರು ಹಾಕುತ್ತಿದ್ದುದು ಹೊಟ್ಟೆ ತುಂಬುವ ಪಿಷ್ಟ. ಉಳಿದದ್ದನ್ನು ಅವನು ಊರು, ಹೊಲದಿಂದ ಪಡೆಯುತ್ತಿದ್ದ. ಪಟ್ಟಣದ ಮನೆಯ ನಾಯಿಗೆ ಆ ದಾರಿ ಇಲ್ಲ. ಬಾಗಿಲು ಹಾಕಿದೆ, ಕೊರಳಲ್ಲಿ ಬೆಲ್ಟ್ ಇದೆ. ಅದರ ಮೈಗೆ ಸೇರುವ ಪ್ರತಿಯೊಂದು ಕಣವೂ ನಾವು ಹಾಕಿದ ತಟ್ಟೆಯಿಂದಲೇ ಬರಬೇಕು.

ಲೆಕ್ಕ ಹಾಕಿದರೆ ಇದು ಇನ್ನೂ ಸ್ಪಷ್ಟ. ಕೆಂಚಿಯ 900 ಕ್ಯಾಲೊರಿಯನ್ನು ಪೂರ್ತಿ ರಾಗಿಯಲ್ಲೇ ಕೊಟ್ಟರೆ ಸುಮಾರು 275 ಗ್ರಾಂ ಹಿಟ್ಟು ಬೇಕು. ಅದರಲ್ಲಿ ಪ್ರೋಟೀನ್ 20 ಗ್ರಾಂ ಆಸುಪಾಸು. ಪ್ರಾಣಿಗಳ ಆಹಾರಕ್ಕೆ ಮಟ್ಟ ಗೊತ್ತುಮಾಡುವ ಅಮೆರಿಕದ ಆಫ್ಕೋ ಸಂಸ್ಥೆಯ ಪ್ರಕಾರ ಬೆಳೆದ ನಾಯಿಗೆ 1,000 ಕ್ಯಾಲೊರಿಗೆ ಕನಿಷ್ಠ 45 ಗ್ರಾಂ ಇರಬೇಕು. ಅರ್ಧವೇ ಆಯಿತು. ಬರೀ ಮೊಸರನ್ನದ ಕಥೆಯೂ ಹೆಚ್ಚು ಬೇರೆ ಇಲ್ಲ. ಮುದ್ದೆ ಹಾಕಿ, ಆದರೆ ಅದರ ಜೊತೆ ಮೊಟ್ಟೆ, ಕೋಳಿ, ಮೀನು ಏನಾದರೊಂದು ಇರಲಿ ಅಂತ ನಾನು ಅಪ್ಪನಿಗೆ ಹೇಳುತ್ತೇನೆ. ಈಗ ಊರಿನ ಮನೆಯ ನಾಯಿಗೆ ದಿನಕ್ಕೊಂದು ಮೊಟ್ಟೆ ಸಿಗುತ್ತಿದೆ. ಅಪ್ಪ ಅದನ್ನು ನನ್ನ ಮುಂದೆ ಒಪ್ಪಿಕೊಳ್ಳುವುದಿಲ್ಲ.

ಮಾಂಸ ಮುಟ್ಟದ ಮನೆಗಳೂ ನಮ್ಮಲ್ಲಿ ಬಹಳ ಇವೆ. ಅವರ ನಾಯಿಗೆ ನ್ಯಾಯವೇ ಇಲ್ಲ ಅಂತ ನಾನು ಹೇಳಲಾರೆ. ಬೆಕ್ಕಿಗೆ ಮಾಂಸ ಇಲ್ಲದೆ ನಡೆಯದು, ನಾಯಿಗೆ ನಡೆಯುತ್ತದೆ. ಆದರೆ ಕಷ್ಟಪಟ್ಟು ಹೊಂದಿಸಬೇಕು. ಪನೀರ್, ಮೊಸರು, ಸೋಯಾ, ಬೇಳೆ, ಒಪ್ಪುವುದಾದರೆ ಮೊಟ್ಟೆ. ಬಿ12, ವಿಟಮಿನ್ ಡಿ, ಕೆಲವು ಅಮೈನೋ ಆಮ್ಲಗಳು ಕಡಿಮೆ ಬೀಳುತ್ತವೆ. ವೈದ್ಯರನ್ನು ಕೇಳದೆ ಮೊಸರನ್ನದ ಮೇಲೆ ವರ್ಷಗಟ್ಟಲೆ ಬಿಡುವುದು ಸರಿಯಲ್ಲ.

ಮೂಳೆಗೆ ಬೇಕಾದದ್ದು

ಪಕ್ಕದ ಬಡಾವಣೆಯಲ್ಲಿ ಒಂದು ಜರ್ಮನ್ ಶೆಫರ್ಡ್ ಮರಿ ಇತ್ತು. ಮನೆಯವರು ಖರ್ಚಿಗೆ ಹಿಂದೆ ಮುಂದೆ ನೋಡುವವರಲ್ಲ. ದಿನಾ ತಾಜಾ ಕೋಳಿ ಎದೆಮಾಂಸ, ಅನ್ನ. ಮರಿ ಗುಂಡಗೆ ಬೆಳೆಯಿತು, ಆದರೆ ಮುಂಗಾಲು ಬಿಲ್ಲಿನಂತೆ ಬಾಗಿತು. 100 ಗ್ರಾಂ ಕೋಳಿ ಮಾಂಸದಲ್ಲಿ ರಂಜಕ ಸುಮಾರು 200 ಮಿಲಿಗ್ರಾಂ, ಕ್ಯಾಲ್ಸಿಯಂ ಹದಿನೈದರ ಒಳಗೆ. ನಾಯಿಗೆ ಬೇಕಾದದ್ದು ರಂಜಕದಷ್ಟೇ ಅಥವಾ ಅದಕ್ಕಿಂತ ಸ್ವಲ್ಪ ಹೆಚ್ಚು ಕ್ಯಾಲ್ಸಿಯಂ. ಊಟದಲ್ಲಿ ಸಿಗದಿದ್ದರೆ ಮೈ ತನ್ನ ಮೂಳೆಯಿಂದಲೇ ಎಳೆದುಕೊಳ್ಳುತ್ತದೆ. ಮೂಳೆ ಮೆತ್ತಗಾಗುತ್ತದೆ, ಸಣ್ಣ ನೆಗೆತಕ್ಕೂ ಮುರಿಯಬಹುದು. ಕಾಡಿನಲ್ಲಿ ಪ್ರಾಣಿ ಮಾಂಸದ ಜೊತೆ ಮೂಳೆಯನ್ನೂ ತಿನ್ನುತ್ತದೆ. ನಾವು ಮೂಳೆ ಬಿಡಿಸಿ ಹಾಕುತ್ತೇವೆ. ಬಿಡಿಸಲೇಬೇಕು, ಬೆಂದ ಕೋಳಿ ಮೂಳೆ ಸಿಗಿದು ಕರುಳಿಗೆ ಚುಚ್ಚುತ್ತದೆ. ಹಾಗೆ ಬಿಡಿಸಿದ ಜಾಗಕ್ಕೆ ಏನಾದರೂ ಹಾಕಬೇಕಲ್ಲ?

ಕೆಂಚಿಯ ತಟ್ಟೆಗೆ ದಿನಕ್ಕೆ ಅರ್ಧ ಚಮಚ ಮೊಟ್ಟೆ ಸಿಪ್ಪೆಯ ಪುಡಿ ಬೀಳುತ್ತದೆ. ಸಿಪ್ಪೆಯನ್ನು ಕುದಿಸಿ, ಒಣಗಿಸಿ, ಮಿಕ್ಸಿಯಲ್ಲಿ ನುಣ್ಣಗೆ ಮಾಡಿದ್ದು. ಅದರಲ್ಲಿ ಸುಮಾರು 1 ಗ್ರಾಂ ಕ್ಯಾಲ್ಸಿಯಂ ಸಿಗುತ್ತದೆ. ರಾಗಿಯಲ್ಲೂ 100 ಗ್ರಾಂಗೆ 350 ಮಿಲಿಗ್ರಾಂ ಆಸುಪಾಸು ಇದೆ, ಆದರೆ ಅದರಲ್ಲಿರುವ ಫೈಟೇಟ್ ಎಂಬ ಅಂಶ ಅದನ್ನು ಪೂರ್ತಿ ಹೀರಿಕೊಳ್ಳಲು ಬಿಡುವುದಿಲ್ಲ. ಇನ್ನು ದೊಡ್ಡ ತಳಿಯ ಮರಿಗೆ ಹೆದರಿ ಕ್ಯಾಲ್ಸಿಯಂ ಸಿರಪ್ ಸುರಿಯುವುದೂ ಅಷ್ಟೇ ಅಪಾಯ. ಜಾಸ್ತಿಯಾದರೂ ಮೂಳೆ ಕೆಡುತ್ತದೆ.

ಮನೆ ಊಟ ಅಂದರೆ ತಾನಾಗಿಯೇ ಪೂರ್ತಿ ಊಟ ಅನ್ನುವ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿದೆ. 2013ರಲ್ಲಿ ಕ್ಯಾಲಿಫೋರ್ನಿಯಾದ ಡೇವಿಸ್ ವಿಶ್ವವಿದ್ಯಾಲಯದವರು ಪುಸ್ತಕ, ವೆಬ್‌ಸೈಟುಗಳ 200 ನಾಯಿ ಊಟದ ವಿಧಾನಗಳನ್ನು ಪರೀಕ್ಷಿಸಿದರು. ಅವುಗಳಲ್ಲಿ ಶೇಕಡ 95ರಲ್ಲಿ ಒಂದಾದರೂ ಮುಖ್ಯ ಪೋಷಕಾಂಶ ಕಡಿಮೆ ಇತ್ತು. ಕೆಂಚಿಯ ತಟ್ಟೆಯಲ್ಲೂ ಸತು, ಅಯೋಡಿನ್, ವಿಟಮಿನ್ ಇ ಸಾಲದು. ಡಾಕ್ಟರು ಬರೆದುಕೊಟ್ಟ ಪುಡಿ ಸೇರಿಸುತ್ತೇನೆ. ಇಷ್ಟೆಲ್ಲ ಮಾಡಲು ಸಮಯ ಇಲ್ಲದವರು ಒಳ್ಳೆಯ ಡ್ರೈ ಫುಡ್ ಹಾಕಿದರೆ ಅದರಲ್ಲಿ ತಪ್ಪೇನೂ ಇಲ್ಲ. ಪ್ಯಾಕೆಟ್ಟಿನ ಮುಂದಿನ ಚಿತ್ರ ಬಿಡಿ. ಹಿಂದೆ ಇದು ಸಂಪೂರ್ಣ ಆಹಾರ ಅಂತ ಬರೆದಿದೆಯಾ, ಮರಿಗಾ ದೊಡ್ಡದಕ್ಕಾ, ಕೆಜಿಗೆ ಎಷ್ಟು ಕ್ಯಾಲೊರಿ, ಇಷ್ಟು ನೋಡಿ. ಲೋಟದಲ್ಲಿ ಅಳೆಯಬೇಡಿ. ಒಬ್ಬೊಬ್ಬರ ಲೋಟ ಒಂದೊಂದು ಗಾತ್ರ, ಒಂದೇ ಲೋಟವನ್ನು ಒಬ್ಬರು ತಲೆ ತಟ್ಟಿ ತುಂಬಿದರೆ ಇನ್ನೊಬ್ಬರು ಗೋಪುರ ಮಾಡುತ್ತಾರೆ. ಅಡುಗೆಮನೆಯ ತಕ್ಕಡಿ ಇದ್ದರೆ ಈ ತೊಂದರೆ ಇಲ್ಲ.

ಸಾರಿನ ಅನ್ನ

ಒಂದು ಮಾತನ್ನು ಮಾತ್ರ ಜೋರಾಗಿ ಹೇಳಬೇಕು. ಉಳಿದ ಸಾರು, ಸಾಂಬಾರು, ಪುಳಿಯೋಗರೆ ನಾಯಿಗೆ ಬೇಡ. ಈರುಳ್ಳಿ, ಬೆಳ್ಳುಳ್ಳಿ ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ಮೈತೂಕದ 0.5% ಈರುಳ್ಳಿ ಒಮ್ಮೆಗೇ ಹೋದರೆ ವಿಷ. ಕೆಂಚಿಗೆ ಅದು 80 ಗ್ರಾಂ, ಅಂದರೆ ಒಂದೇ ಒಂದು ಈರುಳ್ಳಿ. ಬೇಯಿಸಿದರೂ ವಿಷ ಹೋಗುವುದಿಲ್ಲ, ದಿನಾ ಸ್ವಲ್ಪ ಸ್ವಲ್ಪ ಹೋದರೂ ಒಳ್ಳೆಯದಲ್ಲ. ದ್ರಾಕ್ಷಿ, ಒಣದ್ರಾಕ್ಷಿ ಮೂತ್ರಪಿಂಡ ಕೆಡಿಸುತ್ತವೆ. ಕೇಸರಿಬಾತು, ಪಾಯಸದಲ್ಲಿ ಅವು ಇದ್ದೇ ಇರುತ್ತವೆ. ದ್ರಾಕ್ಷಿಯಿಂದ ಮೂತ್ರಪಿಂಡ ಕೆಡಲು ಕಾರಣ ಅದರಲ್ಲಿರುವ ಟಾರ್ಟಾರಿಕ್ ಆಮ್ಲ ಇರಬೇಕು ಅಂತ 2021ರ ನಂತರ ಅಮೆರಿಕದ ಪಶು ವಿಷವೈದ್ಯರು ಬರೆದಿದ್ದಾರೆ. ಹುಣಸೆಹಣ್ಣು ತಿಂದ ನಾಯಿಗಳಿಗೂ ಅದೇ ತೊಂದರೆ ಆದದ್ದನ್ನು ಅವರು ದಾಖಲಿಸಿದ್ದಾರೆ, ಹುಣಸೆಯಲ್ಲಿ ಆ ಆಮ್ಲ ಧಾರಾಳ. ಹುಣಸೆ ಇಲ್ಲದ ಅಡುಗೆಮನೆ ನಮ್ಮಲ್ಲಿ ಎಲ್ಲಿದೆ? ಚಾಕೊಲೇಟು, ಸಕ್ಕರೆ ಬದಲು ಜೈಲಿಟಾಲ್ ಹಾಕಿದ ಚೂಯಿಂಗ್ ಗಮ್ ಕೂಡ ದೂರ ಇರಲಿ. ಹಬ್ಬದ ದಿನ ತುಪ್ಪ ಸುರಿದ ಹೋಳಿಗೆ, ಕೊಬ್ಬಿನ ಮಾಂಸ ಒಮ್ಮೆಗೇ ಹಾಕಿದರೆ ಮೇದೋಜೀರಕ ಗ್ರಂಥಿ ಊದಿಕೊಂಡು ನಾಯಿ ಸಾಯುವ ಸ್ಥಿತಿಗೂ ಹೋಗಬಹುದು. ನಾಯಿಯ ಪಾಲಿನ ಅನ್ನ, ಮಾಂಸವನ್ನು ಒಗ್ಗರಣೆಗೆ ಮೊದಲೇ ತೆಗೆದಿಟ್ಟರೆ ಇಷ್ಟೂ ತಪ್ಪುತ್ತದೆ.

ಗೇಟಿನ ಆಚೆ

ಕೆಂಚಿಯ ಜೊತೆ ಹುಟ್ಟಿದವನೊಬ್ಬ ಇನ್ನೂ ನಮ್ಮ ಬೀದಿಯಲ್ಲೇ ಇದ್ದಾನೆ. ಅವನಿಗೆ ಐದಾರು ಮನೆಯವರು ಹಾಕುತ್ತಾರೆ. 2025ರ ಜುಲೈನಲ್ಲಿ ಬೆಂಗಳೂರಿನ ಬಿಬಿಎಂಪಿ ಸುಮಾರು 5,000 ಬೀದಿನಾಯಿಗಳಿಗೆ ದಿನಾ ಊಟ ಹಾಕುವ ಯೋಜನೆ ಪ್ರಕಟಿಸಿತು. 150 ಗ್ರಾಂ ಕೋಳಿ, 100 ಗ್ರಾಂ ಅಕ್ಕಿ, 100 ಗ್ರಾಂ ತರಕಾರಿ, 10 ಗ್ರಾಂ ಎಣ್ಣೆ. ನಾಯಿಗೆ ಯಾಕೆ ಕೋಳಿ, ತೆರಿಗೆ ಹಣ ಯಾಕೆ ಅಂತ ಎಲ್ಲ ಕಡೆ ಜಗಳ ನಡೆಯಿತು. ಆ ಜಗಳಕ್ಕೆ ಕಾರಣಗಳಿವೆ, ನಾಯಿ ಕಡಿತದ ಭಯ ಸುಳ್ಳಲ್ಲ. ನನ್ನ ಕಣ್ಣು ಮಾತ್ರ ಆ ಗ್ರಾಂ ಲೆಕ್ಕದ ಮೇಲೆ ನಿಂತಿತು. ಬೀದಿನಾಯಿಯ ಮೈಗೆ ಏನು ಬೇಕು ಅಂತ ಸರ್ಕಾರಿ ಕಾಗದದ ಮೇಲೆ ಯಾರೋ ಕೂತು ಯೋಚಿಸಿದ್ದರು. ನನಗೆ ಅದು ಗೌರವದ ಕೆಲಸ ಅನ್ನಿಸಿತು.

ನಮ್ಮ ಬೀದಿಗೆ ಅಷ್ಟು ಲೆಕ್ಕ ತರಲು ಆಗುವುದಿಲ್ಲ. ಯಾವ ನಾಯಿ ಎಲ್ಲಿ ಎಷ್ಟು ತಿಂದಿತು ಅಂತ ಹೇಳುವವರಿಲ್ಲ. ಆದರೆ ಹಾಕುವ ಮನೆಯವರೆಲ್ಲ ಕೂತು ಎರಡು ವಿಷಯ ಮಾತಾಡಿಕೊಂಡಿದ್ದೇವೆ. ಹುಣಸೆ, ಈರುಳ್ಳಿ ಬಿದ್ದದ್ದು ಹಾಕಬಾರದು. ವಾರದ ಒಂದೊಂದು ದಿನ ಒಂದೊಂದು ಮನೆ, ಆ ದಿನ ಅವರೇ ಅನ್ನದ ಜೊತೆ ಮೊಟ್ಟೆಯೋ ಕೋಳಿಯೋ ಹಾಕಬೇಕು, ನೀರಿನ ಬಾನಿ ತೊಳೆಯಬೇಕು. ಎದುರು ಮನೆಯವರು, ಮೇಷ್ಟ್ರ ಮನೆಯವರು ಒಪ್ಪಿದ್ದಾರೆ. ತಿರುವಿನ ಮನೆಯ ಅಜ್ಜಿ ಇನ್ನೂ ರಾತ್ರಿಯ ಸಾಂಬಾರು ಅನ್ನವನ್ನೇ ತಂದು ಸುರಿಯುತ್ತಾರೆ. ಅನ್ನ ಚೆಲ್ಲಬಾರದು ಅನ್ನುವುದು ಅವರ ಮಾತು, ಅದೂ ಸರಿಯೇ. ಭಾನುವಾರ ಅವರ ಮನೆಗೆ ಹೋಗಿ, ಸಾಂಬಾರು ಕಲಸುವ ಮೊದಲೇ ಒಂದು ಹಿಡಿ ಬಿಳಿ ಅನ್ನ ಎತ್ತಿಡಿ ಅಂತ ಕೇಳಬೇಕೆಂದಿದ್ದೇನೆ.